ಒಂದೇ ವಿಷಯ, ಹಲವು ಕುಂಚ

1799ರ ಮೇ 20ರಂದು ಲಂಡನ್ನಿನ ಲೀಸ್ಟರ್ ಸ್ಕ್ವೇರ್ ಬಳಿ, ರಾಬರ್ಟ್ ಕೆರ್ ಪೋರ್ಟರ್‌ನ ಕೋಣೆಯಲ್ಲಿ ಕೆಲವು ತರುಣ ಚಿತ್ರಕಾರರು ಸೇರಿದರು. ಒಂದು ಕಾಲಕ್ಕೆ ಜೋಶುವಾ ರೆನಾಲ್ಡ್ಸ್ ಚಿತ್ರ ಬರೆಯುತ್ತಿದ್ದ ಕೋಣೆ ಅದು ಎಂದು ಸದಸ್ಯ ಲೂಯಿ ಫ್ರಾನ್ಸಿಯಾ ಒಂದು ಚಿತ್ರದ ಬೆನ್ನಿಗೆ ಬರೆದಿಟ್ಟಿದ್ದಾನೆ; ತಂಡದ ಹುಟ್ಟಿನ ದಿನ ತಿಳಿದಿರುವುದೂ ಆ ಬರಹದಿಂದಲೇ. 'ಬ್ರದರ್ಸ್' ಎಂಬ ಈ ಕೂಟದಲ್ಲಿ ಥಾಮಸ್ ಗರ್ಟಿನ್‌ನಂಥ ವೃತ್ತಿಕಲಾವಿದರ ಜೊತೆ ಹವ್ಯಾಸಿಗಳೂ ಇದ್ದರು.

ಯಾವುದಾದರೂ ಕವಿತೆಯ ಒಂದು ಭಾಗವನ್ನು ಆರಿಸಿಕೊಂಡು ಎಲ್ಲರೂ ಅದನ್ನೇ ಚಿತ್ರಿಸಬೇಕಿತ್ತು. ಊರುಕೇರಿ, ಹಾಳುಕೋಟೆಗಳನ್ನು ಕಂಡಂತೆ ಬರೆಯುವ ನಿಸರ್ಗಚಿತ್ರಕ್ಕೆ ಆಗ ಕೆಳಗಿನ ಸ್ಥಾನ. ಕಾವ್ಯದ ಆಸರೆಯಿಂದ ಅದನ್ನು ಇತಿಹಾಸಚಿತ್ರದ ಮಟ್ಟಕ್ಕೆ ಏರಿಸುವುದು ಇವರ ಹಂಬಲ. ಗುರಿ ದೊಡ್ಡದೇ, ಆದರೆ ನಿಜವಾದ ಲಾಭ ಬೇರೆ ಕಡೆ ಸಿಕ್ಕಿತೆನ್ನಬೇಕು: ಎದುರಿಗೆ ದೃಶ್ಯವಿಲ್ಲದೆ, ಒಂದೇ ಸಂಜೆಯೊಳಗೆ, ಬೆಳಕು ನೆರಳನ್ನು ಮನಸ್ಸಿನಿಂದಲೇ ಹೊಂದಿಸುವ ರೂಢಿ ಬಿತ್ತು.

ಗರ್ಟಿನ್ 1802ರಲ್ಲಿ, 27ರ ವಯಸ್ಸಿಗೇ ತೀರಿಕೊಂಡ. ಆದರೆ ಈ ರೂಢಿ ಅವನೊಂದಿಗೆ ಮುಗಿಯಲಿಲ್ಲ: 1808ರಲ್ಲಿ ಚಿತ್ರಕಾರರಾದ ಶಾಲೋನ್ ಸಹೋದರರು ಮತ್ತು ಫ್ರಾನ್ಸಿಸ್ ಸ್ಟೀವನ್ಸ್ ಇದೇ ಬಗೆಯ ಮತ್ತೊಂದು ಕೂಟ ಕಟ್ಟಿದರು. ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸಭೆ. ವಿಷಯ ಕೊಡುವವನು ಮನೆಯಾತ, ಆ ಸಂಜೆಯ ಚಿತ್ರಗಳೆಲ್ಲ ಅವನಿಗೇ. ವಿಕ್ಟೋರಿಯಾ ರಾಣಿಯೂ ಒಮ್ಮೆ ಇವರಿಗೆ ವಿಷಯ ಕೊಟ್ಟಿದ್ದುಂಟು. ಕೂಟ 1851ರವರೆಗೆ ನಡೆಯಿತು.