ಅಜ್ಜಿಯ ಇಳಕಲ್ ಸೀರೆ

ನಮ್ಮ ಘಣಸೋಲಿಯ ಮನೆಗಳಲ್ಲಿ ಜಾಗ ಕಡಿಮೆ. ಆದರೂ ಕಪಾಟಿನ ಮೇಲೊಂದು ಹಳೆಯ ಟ್ರಂಕು ಇದ್ದೇ ಇರುತ್ತದೆ. ಅದರ ತಳದಲ್ಲಿ, ಡಾಂಬರ ಗುಳಿಗೆಗಳ ನಡುವೆ, ಅಜ್ಜಿಯದೊಂದು ಇಳಕಲ್ ಸೀರೆ. ಉಡುವವರಿಲ್ಲ, ಕೊಟ್ಟುಬಿಡಲು ಯಾರಿಗೂ ಮನಸ್ಸಿಲ್ಲ. ನಮ್ಮ ಹೆಣ್ಣುಮಕ್ಕಳ ಮೂರು ತಲೆಮಾರುಗಳಲ್ಲಿ ಈ ಸೀರೆಯ ಅರ್ಥ ಹೇಗೆ ಬದಲಾಯಿತೆಂಬುದನ್ನು ಇಲ್ಲಿ ತುಸು ವಿಚಾರಿಸೋಣ.

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಇಳಕಲ್ಲಿನಲ್ಲಿ ನೇಕಾರರು ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು ಮಾಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹೆಚ್ಚಾಗಿ ಹತ್ತಿಯದು, ಸೆರಗು ರೇಷ್ಮೆಯದು. ಕೆಂಪು ಸೆರಗಿನಲ್ಲಿ ಬಿಳಿಯ ತೆನಿ. ಗಡಿಯಾಚೆಯ ಮರಾಠಿ ಹೆಂಗಸರೂ ಇದನ್ನು ‘ಇರಕಲ್’ ಎಂದು ಕರೆದು ಪ್ರೀತಿಯಿಂದ ಉಟ್ಟವರೇ. 2007ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಅಜ್ಜಿಗೆ ಇದು ದುಡಿಮೆಯ ಬಟ್ಟೆ. 9 ವಾರ, ಅಂದರೆ 18 ಮೊಳದ ಸೀರೆಗೆ ಕಚ್ಚೆ ಹಾಕಿ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಹೊಲಕ್ಕಿಳಿದರೆ ಕಾಲಿಗೆ ತೊಡಕಿಲ್ಲ. ಹಬ್ಬ, ಮದುವೆಗಳಿಗೆ ಕಸೂತಿ ಹಾಕಿದ ಕರಿಯ ಚಂದ್ರಕಾಳಿ. ಆದರೆ ಸೀರೆ ಬರಿಯ ಸೊಬಗಲ್ಲ, ಕಟ್ಟುಪಾಡೂ ಆಗಿತ್ತು. ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಆ ಬಾಳನ್ನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿ ನಮ್ಮ ಕಣ್ಣ ಮುಂದೆ ತಂದಿಟ್ಟಿತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಹಳೆಯದನ್ನೆಲ್ಲ ಹೊಗಳುವ ಮುನ್ನ ಇದನ್ನೂ ನೆನೆಯಬೇಕು.

ಕಚ್ಚೆಯಿಲ್ಲದೆ ನೆರಿಗೆ ಹಿಡಿದು ಉಡುವ ಇಂದಿನ ರೀತಿಗೂ ಮುಂಬಯಿಗೂ ನಂಟಿದೆ. 1864ರಲ್ಲಿ ಪತಿ ಸತ್ಯೇಂದ್ರನಾಥ ಟಾಗೋರರೊಡನೆ ಇಲ್ಲಿಗೆ ಬಂದ ಜ್ಞಾನದಾನಂದಿನಿ ದೇವಿಯವರು ಪಾರ್ಸಿ ಹೆಂಗಸರ ಉಡುಗೆಯನ್ನು ಕಂಡು, ತಿದ್ದಿಕೊಂಡು, ರವಿಕೆ-ಲಂಗಗಳ ಸಮೇತ ಬಂಗಾಳಕ್ಕೆ ಒಯ್ದರು. ಮುಂದೆ ಆರು ವಾರದ ಸೀರೆಯೇ ಓದಿದವರ, ಪಟ್ಟಣಿಗರ ಗುರುತಾಯಿತು.

ನಮ್ಮ ತಾಯಂದಿರು ಈ ಊರಿಗೆ ಬಂದಾಗ ಉಟ್ಟದ್ದು ನೈಲಾನು, ಪಾಲಿಯೆಸ್ಟರು. ರಾತ್ರಿ ಒಗೆದು ಹರವಿದರೆ ಬೆಳಿಗ್ಗೆ ಒಣಗಿರುತ್ತಿತ್ತು, ಇಸ್ತ್ರಿಯ ಗೊಡವೆಯಿಲ್ಲ. ಲೋಕಲ್ ಗಾಡಿ ಹಿಡಿಯುವವರಿಗೆ ಇದಕ್ಕಿಂತ ಬೇರೇನು ಬೇಕು? ಊರಿನಿಂದ ಬಂದ ಅಜ್ಜಿಗೆ ಮಾತ್ರ ನಾವು, “ಅವ್ವಾ, ಇಲ್ಲಿ ಕಚ್ಚೆ ಹಾಕಬ್ಯಾಡ, ಮಂದಿ ನೋಡ್ತಾರ” ಎಂದೆವು. ಅವಳು ಎದುರಾಡಲಿಲ್ಲ. ಸೀರೆ ಮಡಿಚಿ ಟ್ರಂಕಿಗೆ ಹಾಕಿದಳು. ಅದೇ ಘಣಸೋಲಿಯ ಆಗ್ರಿ ಹೆಂಗಸರು ಒಂಬತ್ತು ವಾರದ ಲುಗಡೆಗೆ ಕಚ್ಚೆ ಹಾಕಿಯೇ ಗದ್ದೆ ನೆಟ್ಟವರು. 1970ರಲ್ಲಿ ಸಿಡ್ಕೊ ಹುಟ್ಟಿ, ಗದ್ದೆಗಳ ಜಾಗದಲ್ಲಿ ಕಟ್ಟಡಗಳೆದ್ದವು. ನಾವು ನಾಚಿಕೊಂಡ ಉಡುಗೆ ಈ ನೆಲದ್ದೇ ಆಗಿತ್ತೆಂಬುದು ನಮಗೆ ಹೊಳೆಯಲೇ ಇಲ್ಲ.

ಈಗಿನ ಹುಡುಗಿಯರು ದಿನವೂ ಸೀರೆ ಉಡುವುದಿಲ್ಲ. ಕೆಲಸಕ್ಕೆ ಸಲ್ವಾರು, ಜೀನ್ಸು. ರಾಜ್ಯೋತ್ಸವಕ್ಕೋ ಮದುವೆಗೋ ಸೀರೆ. ಇದಕ್ಕೆ ಮರುಗಬೇಕಿಲ್ಲ. ಅಜ್ಜಿಗೆ ಬೇರೆ ದಾರಿಯಿರಲಿಲ್ಲ. ಮೊಮ್ಮಗಳು ತಾನಾಗಿ ಆರಿಸಿಕೊಂಡು ಉಡುತ್ತಾಳೆ. ಅಮ್ಮ ನಾಚಿದ್ದ ಅದೇ ಇಳಕಲ್ಲನ್ನು ಅವಳು ಹೆಮ್ಮೆಯಿಂದ ಕೇಳುತ್ತಾಳೆ. ಆದರೆ ಅಂಗಡಿಯಲ್ಲಿ ಆ ಹೆಸರಿನಿಂದ ಮಾರುವುದರಲ್ಲಿ ಯಂತ್ರಮಗ್ಗದ್ದೂ ಬಹಳ. ಒಡಲೂ ಸೆರಗೂ ಕೂಡುವೆಡೆ ಕೊಂಡಿಯಿದೆಯೇ ಎಂದು ನೋಡಿ ಕೊಂಡರೆ ಕೈಮಗ್ಗದವನ ಹೊಟ್ಟೆಗೆ ನಾಲ್ಕು ಕಾಸು ಸೇರೀತು.

ಸೀರೆಯೇನೋ ಟ್ರಂಕಿನಲ್ಲಿ ಉಳಿದಿದೆ. 18 ಮೊಳವನ್ನು ಕಚ್ಚೆ ಹಾಕಿ ಉಡುವ ಕೈ ಮಾತ್ರ ಮನೆಮನೆಯಲ್ಲೂ ಅಪರೂಪವಾಗುತ್ತಿದೆ. ಅಜ್ಜಿ ಇನ್ನೂ ಇರುವ ಮನೆಯವರು ಈ ಭಾನುವಾರವೇ ಟ್ರಂಕು ಇಳಿಸಿ, ಮೊಮ್ಮಗಳನ್ನು ಅವಳೆದುರು ನಿಲ್ಲಿಸಿರಿ. ಅಂದು ನಾವು ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ನಮಗೆ ಬೇರೆ ದಾರಿ ತೋರದು.