ಒಂದೇ ತಾಲ್ಲೂಕು, ಇಬ್ಬರು ಎಂಎಲ್‌ಎ | ನಮ್ಮೂರ ಚರಿತ್ರೆ, ಭಾಗ 6

ಮೊದಲ ಫೋಟೋ ಮುಡುಕುತೊರೆ ಬೆಟ್ಟದ್ದು. ಮಲ್ಲಿಕಾರ್ಜುನನ ಗುಡಿ, ಕೆಳಗೆ ಕಾವೇರಿ. ಇವತ್ತಿನ ಕಥೆ ಮಾತ್ರ ಫೋಟೋಗೆ ಬೀಳದ ಒಂದು ಗೆರೆಯದ್ದು.

ಜಾತ್ರೆಯಲ್ಲಿ ದನ ಕಟ್ಟಿರೋ ಸಾಲಿನ ಪಕ್ಕ ಟೀ ಕುಡೀತಾ ನಿಂತಿದ್ವಿ. ಕ್ಲಾಸ್‌ಮೇಟ್ ಒಬ್ಬ, "ನಮ್ಮ ಎಂಎಲ್‌ಎ ಎರಡು ಸಲ ಸಿಎಂ ಆದೋರು ಕಣೋ, ನಿಮ್ಮದೇನು?" ಅಂದ. ಅವನದೂ ಟಿ. ನರಸೀಪುರ ತಾಲ್ಲೂಕು, ನಂದೂ ಅದೇ. ಒಂದೇ ತಾಲ್ಲೂಕು ಕಚೇರಿ, ಒಂದೇ ಸಂತೆ. ಆದರೆ ಅವನ ಓಟು ವರುಣಾ ಕ್ಷೇತ್ರಕ್ಕೆ, ನನ್ನದು ಟಿ. ನರಸೀಪುರಕ್ಕೆ. ಯಾಕೆ ಹೀಗೆ ಅಂತ ಕೇಳಿದ್ರೆ ಇಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಹುಡುಕೋಕೆ ಶುರು ಮಾಡಿದೆ.

ಉತ್ತರ 2008ರಲ್ಲಿದೆ. 2001ರ ಜನಗಣತಿ ಇಟ್ಟುಕೊಂಡು ಕ್ಷೇತ್ರ ಮರುವಿಂಗಡಣಾ ಆಯೋಗ ಇಡೀ ಕರ್ನಾಟಕದ ಗೆರೆಗಳನ್ನ ಹೊಸದಾಗಿ ಎಳೆಯಿತು. ಒಟ್ಟು 224 ಸ್ಥಾನ ಹಾಗೇ ಉಳೀತು, ಒಳಗಿನದು ಮಾತ್ರ ಅದಲು ಬದಲು. ನಮ್ಮ ತಾಲ್ಲೂಕಲ್ಲೇ ಇದ್ದ ಬನ್ನೂರು ಕ್ಷೇತ್ರ ಮಾಯ. ಮೈಸೂರು, ನಂಜನಗೂಡು, ಟಿ. ನರಸೀಪುರ, ಈ ಮೂರೂ ತಾಲ್ಲೂಕಿನ ಹಳ್ಳಿಗಳನ್ನ ಸೇರಿಸಿ ವರುಣಾ ಅಂತ ಹೊಸದು ಹುಟ್ಟಿತು. ಅಲ್ಲಿಯವರೆಗೆ ಸಾಮಾನ್ಯವಾಗಿದ್ದ ನಂಜನಗೂಡು ಪರಿಶಿಷ್ಟ ಜಾತಿಗೆ ಮೀಸಲಾಯ್ತು. ಟಿ. ನರಸೀಪುರ 2008ಕ್ಕೂ ಮುಂಚಿನಿಂದಲೇ ಮೀಸಲು, 1985ರಲ್ಲಿ ಎಚ್.ಸಿ. ಮಹದೇವಪ್ಪ ಮೊದಲ ಸಲ ಗೆದ್ದಾಗಲೇ ಹಾಗಿತ್ತು.

ಇಲ್ಲಿ ಒಂದು ಮಾತು. "ನಮ್ಮದು ಮೀಸಲು ಕ್ಷೇತ್ರ, ನಮ್ಮೋರು ನಿಲ್ಲೋಕಾಗಲ್ಲ" ಅಂತ ಗೊಣಗೋದು ನೀವೂ ಕೇಳಿರ್ತೀರ. ಹೀಗೆ ಗೊಣಗೋರಿಗೆ 1881ರ ಕಥೆ ಹೇಳಬೇಕು.

ಆ ವರ್ಷ ಅಕ್ಟೋಬರ್ 7ರಂದು, ದಸರಾ ಟೈಮಲ್ಲಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು 144 ಮಂದಿ. ನಮ್ಮ ಪಠ್ಯಪುಸ್ತಕ ಇದನ್ನ ಹೆಮ್ಮೆಯಿಂದ ಹೇಳುತ್ತೆ, ಹೆಮ್ಮೆ ಪಡಬೇಕಾದ್ದೇ. ಆದರೆ ಯಾರನ್ನ ಕರೆದಿದ್ರು? ತಾಲ್ಲೂಕಿಗೆ ಒಬ್ಬಿಬ್ಬರು ಭೂಮಿ ಇದ್ದ ರೈತರು, ಜಿಲ್ಲೆಗೆ ಮೂರ್ನಾಲ್ಕು ಜನ ದೊಡ್ಡ ವರ್ತಕರು. ಚುನಾವಣೆ ಇರಲಿಲ್ಲ. ಆಮೇಲೆ ಚುನಾವಣೆ ಬಂದಾಗಲೂ ಓಟು ಸಿಕ್ಕಿದ್ದು ಇಷ್ಟು ಕಂದಾಯ ಕಟ್ಟಬೇಕು ಅನ್ನೋ ಲೆಕ್ಕದಲ್ಲಿ. ಗದ್ದೆ ಉತ್ತವನಿಗೆ ಅಲ್ಲ, ಗದ್ದೆ ಹೆಸರಲ್ಲಿದ್ದವನಿಗೆ. ಹೆಂಗಸರಿಗೆ ಬಾಗಿಲು ತೆರೆದಿದ್ದು 1923ರಲ್ಲಿ, ಅದಕ್ಕೂ ಆಸ್ತಿಯ ಶರತ್ತು. ಅಂದ್ರೆ ನಮ್ಮೂರ ಕೇರಿಯ ಕೂಲಿಯವರಿಗೆ ಆ ಸಭೆ ದಸರಾ ಮೆರವಣಿಗೆಗಿಂತಲೂ ದೂರ. ಆಗ "ನಮ್ಮೋರು ನಿಲ್ಲೋಕಾಗಲ್ಲ" ಅಂತ ಗೊಣಗೋ ಹಕ್ಕೂ ಅವರಿಗಿರಲಿಲ್ಲ.

1952ರಲ್ಲಿ ಎಲ್ಲರಿಗೂ ಓಟು ಬಂತು. ಆಗಿನ ಮೈಸೂರು ವಿಧಾನಸಭೆಗೆ 99 ಸ್ಥಾನ. ಆ ಕಾಲದ ಒಂದು ವಿಚಿತ್ರ ನಮಗೆ ಯಾರೂ ಹೇಳಿಲ್ಲ: ಕೆಲವು ಕ್ಷೇತ್ರಗಳಿಂದ ಇಬ್ಬರು ಗೆಲ್ತಿದ್ರು, ಅದರಲ್ಲಿ ಒಂದು ಸ್ಥಾನ ಮೀಸಲು. ಲೋಕಸಭೆಯಲ್ಲೂ ಅಷ್ಟೇ. ಮೈಸೂರಿನಿಂದ ಎಂ.ಎಸ್. ಗುರುಪಾದಸ್ವಾಮಿ ಮತ್ತು ಎನ್. ರಾಚಯ್ಯ ಇಬ್ಬರೂ ಒಟ್ಟಿಗೆ ದೆಹಲಿಗೆ ಹೋದರು, ಬೇರೆ ಬೇರೆ ಪಕ್ಷದಿಂದ! 1961ರ ಕಾನೂನು ಈ ಜೋಡಿ ಪದ್ಧತಿ ತೆಗೆದು, ಇಡೀ ಕ್ಷೇತ್ರವನ್ನೇ ಮೀಸಲು ಮಾಡುವ ಕ್ರಮ ತಂತು.

ಮೀಸಲು ಅನ್ನೋದು ನಿಲ್ಲೋರಿಗೆ ಮಾತ್ರ. ಓಟು ಎಲ್ಲ ಬೀದಿಯವರದ್ದೂ. ನನಗೆ ಕಾಡೋ ಪ್ರಶ್ನೆ ಇರೋದು ಇಲ್ಲೇ. 1932ರ ಪೂನಾ ಒಪ್ಪಂದಕ್ಕೆ ಮುಂಚೆ ಅಂಬೇಡ್ಕರ್ ಕೇಳಿದ್ದು ಪ್ರತ್ಯೇಕ ಮತದಾರರ ಪಟ್ಟಿ. ಸಿಕ್ಕಿದ್ದು ಮೀಸಲು ಸ್ಥಾನ, ಜಂಟಿ ಓಟು. ಹಾಗಾಗಿ ಮೀಸಲು ಕ್ಷೇತ್ರದಲ್ಲಿ ಗೆದ್ದವರು ಕೇರಿಯ ಪರ ಗಟ್ಟಿಯಾಗಿ ಮಾತಾಡಿದ್ರೆ ಮೇಲಿನ ಬೀದಿಯ ಓಟು ಹೋಗೋ ಭಯ, ಮಾತಾಡದಿದ್ರೆ ಕೇರಿಯ ಮುನಿಸು. ಸಾಮಾನ್ಯ ಕ್ಷೇತ್ರದ ಎಂಎಲ್‌ಎಗೆ ಈ ಇಕ್ಕಟ್ಟು ಇಷ್ಟಿಲ್ಲ ಅಂತ ನನ್ನ ಅನಿಸಿಕೆ. ಒಪ್ಪಲ್ವಾ? ಕಾಮೆಂಟಲ್ಲಿ ಬೈರಿ, ಪರವಾಗಿಲ್ಲ.

"ನನ್ನ ಒಂದು ಓಟಿಂದ ಏನಾಗುತ್ತೆ" ಅನ್ನೋರಿಗೆ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ. 2004. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಓಟು! ನಾಲ್ಕೇ ವರ್ಷಕ್ಕೆ, ಅದೇ 2008ರ ಗೆರೆಯಲ್ಲಿ, ಸಂತೆಮರಹಳ್ಳಿ ಕ್ಷೇತ್ರವೇ ಇಲ್ಲವಾಯ್ತು. ಕೃಷ್ಣಮೂರ್ತಿ ಮತ್ತೆ ಎಂಎಲ್‌ಎ ಆಗಿದ್ದು 2023ರಲ್ಲಿ, ಕೊಳ್ಳೇಗಾಲದಿಂದ. ಆ ವರ್ಷ ಮಾರ್ಚ್‌ನಲ್ಲಿ ಧ್ರುವನಾರಾಯಣ ತೀರಿಹೋಗಿದ್ರು; ಅವರ ಮಗ ದರ್ಶನ್ ನಂಜನಗೂಡಿನಿಂದ ಗೆದ್ದರು. ಒಂದು ಓಟಿಂದ ಸೋತವರು, ಗೆದ್ದವರ ಮಗ, ಇಬ್ಬರೂ ಒಂದೇ ಪಕ್ಷ, ಒಂದೇ ಸದನ. ಸಿನಿಮಾದಲ್ಲಿ ಬಂದ್ರೆ ನಂಬ್ತಿರಲಿಲ್ಲ.

ಕೊನೆಯ ಸ್ಲೈಡ್ ನಮ್ಮ ಕ್ಷೇತ್ರದ ನಕ್ಷೆ. ಸೇವ್ ಮಾಡಿಟ್ಟುಕೊಳ್ಳಿ, ಬದಲಾಗಲಿದೆ. ಮುಂದಿನ ಜನಗಣತಿ 2027ಕ್ಕೆ. ಅದರ ನಂತರ ಮತ್ತೆ ಮರುವಿಂಗಡಣೆಯ ಮಾತಿದೆ. 2023ರ 106ನೇ ತಿದ್ದುಪಡಿ ವಿಧಾನಸಭೆಯಲ್ಲೂ ಮೂರನೇ ಒಂದು ಭಾಗ ಹೆಂಗಸರಿಗೆ ಅನ್ನುತ್ತೆ, ಪರಿಶಿಷ್ಟರ ಸ್ಥಾನಗಳ ಒಳಗೂ. ಕರಡು ನಕ್ಷೆ ಬಂದಾಗ ಆಕ್ಷೇಪಣೆ ಬರೆದುಕೊಡೋಕೆ ಯಾರಿಗೆ ಬೇಕಾದ್ರೂ ಅವಕಾಶ ಇರುತ್ತೆ. ಕಳೆದ ಸಲ ನಾವು ಒಂದನೇ ಕ್ಲಾಸಿಗೂ ಸೇರಿರಲಿಲ್ಲ. ಈ ಸಲ ಓಟರ್ ಐಡಿ ಕೈಯಲ್ಲಿದೆ.

ಜಾತ್ರೆಯ ಆ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಮುಂದಿನ ಸಲ ನಾವಿಬ್ಬರೂ ಒಂದೇ ಕ್ಷೇತ್ರ ಆಗಬಹುದಾ?" ಅಂದ. ಆಗಬಹುದು ಕಣೋ. ಟೀ ದುಡ್ಡು ಆಗ ನೀನೇ ಕೊಡು.

#ಮುಡುಕುತೊರೆ #ಟಿನರಸೀಪುರ #ನಂಜನಗೂಡು #ನಮ್ಮೂರಚರಿತ್ರೆ