ಲಿಪಿ ಮತ್ತು ಸ್ಮೃತಿ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಯುಗಾಂತರಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯನ್ನು ಮಧ್ಯಯುಗ, ಪುನರುಜ್ಜೀವನ, ಬರೋಕ್, ಕ್ಲಾಸಿಕಲ್, ರೊಮ್ಯಾಂಟಿಕ್ ಮತ್ತು ಆಧುನಿಕ ಎಂಬ ಘಟ್ಟಗಳಲ್ಲಿ ವಿವರಿಸುವುದು ರೂಢಿ. ಪ್ರತಿ ಘಟ್ಟಕ್ಕೂ ಕೆಲವು ಮಹಾನ್ ರಚನಕಾರರನ್ನು ಪ್ರತಿನಿಧಿಗಳನ್ನಾಗಿ ನಿಲ್ಲಿಸಿ, ಒಬ್ಬರ ಪ್ರತಿಭೆಯಿಂದ ಇನ್ನೊಬ್ಬರ ಪ್ರತಿಭೆಗೆ ಸಾಗುವ ಮೆರವಣಿಗೆಯಂತೆ ಈ ಚರಿತ್ರೆಯನ್ನು ನಿರೂಪಿಸಲಾಗಿದೆ. ಇಂತಹ ನಿರೂಪಣೆಯಲ್ಲಿ ಹಾಡಿದವರು, ನುಡಿಸಿದವರು, ಕುಣಿದವರು ಅಂಚಿಗೆ ಸರಿಯುತ್ತಾರೆ. ಜಾನಪದ ಅಧ್ಯಯನದ ನೆಲೆಯಿಂದ ನೋಡಿದಾಗ ಇದೇ ಚರಿತ್ರೆಯು ಲಿಪಿ ಮತ್ತು ಸ್ಮೃತಿಗಳ ನಡುವಣ ದೀರ್ಘ ಸಂವಾದವಾಗಿ ಕಾಣುತ್ತದೆ. ಹಾಳೆಯ ಮೇಲೆ ಎಷ್ಟನ್ನು ಬರೆಯಬೇಕು, ಹಾಡುವವನ ನೆನಪಿಗೆ ಮತ್ತು ಮನೋಧರ್ಮಕ್ಕೆ ಎಷ್ಟನ್ನು ಬಿಡಬೇಕು, ಬರೆದದ್ದು ಯಾರ ಸ್ವತ್ತು ಎಂಬ ಪ್ರಶ್ನೆಗಳಿಗೆ ಒಂದೊಂದು ಯುಗವೂ ಒಂದೊಂದು ಬಗೆಯ ಉತ್ತರ ಕೊಟ್ಟಿದೆ.

ನೆನಪಿನ ಊರುಗೋಲು

ಒಂಬತ್ತನೆಯ ಶತಮಾನದ ಚರ್ಚಿನ ಹಸ್ತಪ್ರತಿಗಳಲ್ಲಿ ಪ್ರಾರ್ಥನಾಗೀತೆಗಳ ಸಾಹಿತ್ಯದ ಮೇಲೆ ‘ನ್ಯೂಮ್’ ಎಂಬ ಸಣ್ಣ ಗುರುತುಗಳು ಕಾಣಸಿಗುತ್ತವೆ. ಧಾಟಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಅವು ಸೂಚಿಸುತ್ತಿದ್ದವೇ ಹೊರತು ಎಷ್ಟು ಎಂಬುದನ್ನು ಹೇಳುತ್ತಿರಲಿಲ್ಲ. ಗುರುಮುಖೇನ ಹಾಡನ್ನು ಕಲಿತವನಿಗೆ ಅವು ನೆನಪಿನ ಊರುಗೋಲು. ಕಲಿಯದವನಿಗೆ ಬರಿಯ ಗೀಟುಗಳು. ಹನ್ನೊಂದನೆಯ ಶತಮಾನದ ಮೊದಲರ್ಧದಲ್ಲಿ ಇಟಲಿಯ ಅರೆಟ್ಸೋದ ಗ್ವಿಡೋ ಎಂಬ ಸಂನ್ಯಾಸಿ, ಗೆರೆಗಳ ಮೇಲೆ ಸ್ವರಸ್ಥಾನವನ್ನು ನಿಖರವಾಗಿ ಗುರುತಿಸುವ ಕ್ರಮವನ್ನು ನೆಲೆಗೊಳಿಸಿದನು. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯುವುದೆಂಬುದು ಅವನ ಪ್ರತಿಪಾದನೆಯಾಗಿತ್ತು. ಹಿಂದೆಂದೂ ಕೇಳದ ಹಾಡನ್ನು ಹಾಳೆ ನೋಡಿ ಹಾಡುವುದು ಇದರಿಂದ ಸಾಧ್ಯವಾಯಿತು. ಹಾಡು ಗಾಯಕನಿಂದ ಬೇರ್ಪಟ್ಟು ತನ್ನದೇ ಅಸ್ತಿತ್ವ ಪಡೆದದ್ದು ಇಲ್ಲಿಂದ.

ಹಲವು ಧಾಟಿಗಳನ್ನು ಏಕಕಾಲದಲ್ಲಿ ಹೆಣೆಯುವ ಬಹುಧ್ವನಿ ಸಂಗೀತವು ವಿಸ್ತಾರವಾಗಿ ಬೆಳೆಯಲು ಈ ಲಿಪಿಯೇ ಆಧಾರವಾಯಿತು. 1200ರ ಸುಮಾರಿಗೆ ಪ್ಯಾರಿಸಿನ ನಾಟ್ರ್‌ಡಾಮ್ ಚರ್ಚಿನ ಪರಿಸರದಲ್ಲಿ ಪೆರೋಟಿನನು ನಾಲ್ಕು ಧ್ವನಿಗಳ ರಚನೆಗಳನ್ನು ಮಾಡಿದನು. 1501ರಲ್ಲಿ ವೆನಿಸ್ಸಿನ ಪೆಟ್ರೂಚಿ ಬಹುಧ್ವನಿ ಗೀತೆಗಳ ಸಂಕಲನವನ್ನು ಮುದ್ರಿಸಿದ ಮೇಲೆ ಇಂತಹ ರಚನೆಗಳು ಮಾರುಕಟ್ಟೆಯ ಸರಕೂ ಆದವು. ಆದರೂ ಜನರ ಬಾಯಲ್ಲಿದ್ದ ಹಾಡು ಈ ಶಿಷ್ಟ ರಚನೆಗಳಿಂದ ದೂರವಾಗಲಿಲ್ಲ. ಆಯುಧಪಾಣಿಯೊಬ್ಬನನ್ನು ಕುರಿತ ಫ್ರೆಂಚ್ ಲೌಕಿಕ ಗೀತೆಯ ಧಾಟಿಯನ್ನು ಆಧರಿಸಿ ದುಫಾಯ್, ಜೋಸ್ಕಾನ್, ಪ್ಯಾಲೆಸ್ಟ್ರೀನ ಮೊದಲಾದವರು ರಚಿಸಿದ ಪೂಜಾಸಂಗೀತದ ಕೃತಿಗಳ ಸಂಖ್ಯೆ ನಲವತ್ತನ್ನು ಮೀರುತ್ತದೆ. ಆ ಧಾಟಿಯನ್ನು ಮೊದಲು ಕಟ್ಟಿದವರ ಹೆಸರು ಮಾತ್ರ ಉಳಿದಿಲ್ಲ.

ಕುಣಿತದಿಂದ ಆಸ್ಥಾನಕ್ಕೆ

ಸ್ಥೂಲವಾಗಿ 1600ರಿಂದ 1750ರವರೆಗಿನ ಬರೋಕ್ ಯುಗದಲ್ಲಿ ಲಿಪಿ ಮತ್ತು ಮನೋಧರ್ಮಗಳ ನಡುವೆ ಒಂದು ಸಮತೋಲವಿತ್ತು. ರಚನಕಾರನು ಮಂದ್ರದ ಸಾಲೊಂದನ್ನು ಬರೆದು, ಅದರೊಡನೆ ಕೆಲವು ಅಂಕಿಗಳನ್ನು ಗುರುತಿಸಿದರೆ ಸಾಕಿತ್ತು. ಅದರ ಮೇಲಿನ ಸ್ವರಮೇಳವನ್ನು ವಾದಕನು ಆ ಕ್ಷಣದಲ್ಲಿ ತುಂಬುತ್ತಿದ್ದನು. ಗೀತೆಯ ಮೊದಲ ಭಾಗ ಮರಳಿ ಬಂದಾಗ ಗಾಯಕರು ತಮ್ಮದೇ ಅಲಂಕಾರಗಳಿಂದ ಅದನ್ನು ಬೆಳೆಸಬೇಕೆಂಬ ನಿರೀಕ್ಷೆಯಿತ್ತು.

ಈ ಯುಗದ ವಾದ್ಯಸಂಗೀತದ ಬುನಾದಿಯಲ್ಲಿ ಕುಣಿತಗಳಿವೆ. ಸರಬಾಂಡ್ ಇದಕ್ಕೆ ಒಳ್ಳೆಯ ನಿದರ್ಶನ. ಸ್ಪೇನಿನಲ್ಲಿ ಜನಪ್ರಿಯವಾಗಿದ್ದ ಈ ಬಿರುಸಿನ ಹಾಡುಕುಣಿತವನ್ನು ಅಶ್ಲೀಲವೆಂದು ಬಗೆದು 1583ರಲ್ಲಿ ನಿಷೇಧಿಸಲಾಯಿತು. ಅದೇ ಕುಣಿತ ಮುಂದೆ ಫ್ರಾನ್ಸಿನ ಆಸ್ಥಾನವನ್ನು ಪ್ರವೇಶಿಸಿ ನಿಧಾನಗತಿಯನ್ನು ಪಡೆಯಿತು. ಬಾಖ್‌ನ ವಾದ್ಯಕೃತಿಗಳಲ್ಲಿ ಗಂಭೀರವೂ ಅಂತರ್ಮುಖಿಯೂ ಆದ ಭಾಗವಾಗಿ ಪರಿಣಮಿಸಿತು. ದೇಸಿಯು ಮಾರ್ಗವಾಗುವಾಗ ಮೈಯ ಚಲನೆ ಕಳಚಿಬಿದ್ದು ಲಯದ ನೆನಪಷ್ಟೇ ಉಳಿಯುವ ಈ ಪ್ರಕ್ರಿಯೆಯನ್ನು ಸಂಗೀತ ಚರಿತ್ರೆಗಳು ‘ಪರಿಷ್ಕಾರ’ವೆಂದು ಕರೆದಿವೆ. ಕುಣಿದವರ ಕಡೆಯಿಂದ ನೋಡಿದರೆ ಇದೇ ಪ್ರಕ್ರಿಯೆ ಒಂದು ನಷ್ಟವೂ ಹೌದು.

ಕೃತಿಯ ಒಡೆತನ

ಹದಿನೆಂಟನೆಯ ಶತಮಾನದ ಉತ್ತರಾರ್ಧದ ಬದಲಾವಣೆಗೆ ಹೈಡನ್‌ನ ಬದುಕೇ ಸಾಕ್ಷಿ. 1761ರಲ್ಲಿ ಎಸ್ಟರ್‌ಹಾಜಿ ಮನೆತನದ ಸೇವೆಗೆ ಸೇರಿದಾಗ ಅವನು ಸಮವಸ್ತ್ರ ಧರಿಸಬೇಕಿತ್ತು. ರಚಿಸಿದ್ದನ್ನು ಪ್ರಭುವಿನ ಒಪ್ಪಿಗೆಯಿಲ್ಲದೆ ಅನ್ಯರಿಗೆ ಕೊಡುವಂತಿರಲಿಲ್ಲ. 1779ರ ಹೊಸ ಕರಾರಿನಲ್ಲಿ ಈ ನಿರ್ಬಂಧವಿರಲಿಲ್ಲ. 1791ರಲ್ಲಿ ಅವನು ಲಂಡನ್ನಿಗೆ ಹೋಗಿ, ಹಣ ತೆತ್ತು ಬಂದ ಶ್ರೋತೃಗಳೆದುರು ತನ್ನ ಸಿಂಫನಿಗಳನ್ನು ಪ್ರಸ್ತುತಪಡಿಸಿದನು. ಆಸ್ಥಾನದ ಸೇವಕ ಸ್ವತಂತ್ರ ಕರ್ತೃವಾಗುವ ಹಾದಿ ತೆರೆಯಿತು.

ಕರ್ತೃವಿನ ಅಧಿಕಾರ ಬೆಳೆದಂತೆ ವಾದಕನ ಸ್ವಾತಂತ್ರ್ಯ ಕುಗ್ಗಿತು. ಕನ್ಚರ್ಟೋಗಳಲ್ಲಿ ವಾದ್ಯವೃಂದ ಮೌನವಾಗಿ, ಏಕವಾದಕನು ಮನೋಧರ್ಮದಿಂದ ನುಡಿಸುವ ‘ಕೆಡೆನ್ಜ’ ಎಂಬ ಭಾಗವಿರುತ್ತಿತ್ತು. ಬೀಥೋವನ್ 1809ರಲ್ಲಿ ರಚಿಸಿದ ಐದನೆಯ ಪಿಯಾನೋ ಕನ್ಚರ್ಟೋದಲ್ಲಿ ಆ ಭಾಗವನ್ನು ತಾನೇ ಬರೆದು, ಬೇರೆ ಕೆಡೆನ್ಜ ನುಡಿಸಕೂಡದೆಂದು ಸೂಚಿಸಿದನು. 1817ರಲ್ಲಿ ತನ್ನ ಸಿಂಫನಿಗಳ ವೇಗವನ್ನು ಮೆಟ್ರೊನೋಮ್ ಯಂತ್ರದ ಅಂಕಿಗಳಲ್ಲಿ ಪ್ರಕಟಿಸಿದನು. ಗ್ವಿಡೋ ಸ್ವರಸ್ಥಾನವನ್ನು ನಿಶ್ಚಿತಗೊಳಿಸಿದ್ದರೆ ಬೀಥೋವನ್ ಕಾಲಪ್ರಮಾಣವನ್ನೂ ನಿಶ್ಚಿತಗೊಳಿಸಲು ಮುಂದಾದನು.

ರೊಮ್ಯಾಂಟಿಕ್ ಯುಗವು ಕರ್ತೃವನ್ನು ಆರಾಧಿಸಿತು. ಜೊತೆಗೇ ಅನಾಮಿಕ ‘ಜನ’ರನ್ನೂ ಆರಾಧಿಸಿತು. 1778–79ರಲ್ಲಿ ಹರ್ಡರ್ ಪ್ರಕಟಿಸಿದ ಜನಪದ ಗೀತೆಗಳ ಸಂಗ್ರಹವು ರಾಷ್ಟ್ರದ ಆತ್ಮವನ್ನು ಹಳ್ಳಿಯ ಹಾಡಿನಲ್ಲಿ ಅರಸುವ ಚಿಂತನೆಗೆ ಪ್ರೇರಣೆ ನೀಡಿತು. ಶೋಪಾನ್‌ನ ಮಜುರ್ಕಗಳು, ದ್ವೋರ್ಜಾಕ್‌ನ ಸ್ಲಾವೋನಿಕ್ ನೃತ್ಯಗಳು ಈ ಹಿನ್ನೆಲೆಯವು. ಈ ಯುಗದ ಇಳಿಹೊತ್ತಿನೊಡನೆ ಕರ್ನಾಟಕಕ್ಕೂ ಒಂದು ನಂಟಿದೆ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಅವನ ಮರಣಾನಂತರ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಸ್ತುತಗೊಂಡದ್ದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ ಧನಸಹಾಯದಿಂದ.

ಮೇಣದ ಉರುಳೆಯ ಸಾಕ್ಷ್ಯ

ಹತ್ತೊಂಬತ್ತನೆಯ ಶತಮಾನವು ‘ಜನರ ಸಂಗೀತ’ವೆಂದು ಕೊಂಡಾಡಿದ್ದು ನಿಜಕ್ಕೂ ಯಾರದು? ಈ ಪ್ರಶ್ನೆಯನ್ನು ಕ್ಷೇತ್ರಕಾರ್ಯದ ಆಧಾರದಿಂದ ಎತ್ತಿದವರಲ್ಲಿ ಹಂಗೆರಿಯ ಬೆಲಾ ಬಾರ್ಟೋಕ್ ಪ್ರಮುಖ. 1859ರ ತನ್ನ ಪುಸ್ತಕದಲ್ಲಿ ಲಿಸ್ಟ್, ಹಂಗೆರಿಯ ಸಂಗೀತವು ಮೂಲತಃ ರೋಮಾ ಜನರದೆಂದು ಸಾಧಿಸಿದ್ದನು. 1904ರಲ್ಲಿ ಬಾರ್ಟೋಕ್, ಲಿಡಿ ದೋಶಾ ಎಂಬ ಟ್ರಾನ್ಸಿಲ್ವೇನಿಯಾದ ಮನೆಗೆಲಸದ ಯುವತಿಯ ಹಾಡನ್ನು ಕೇಳಿ ಬರೆದುಕೊಂಡನು. 1906ರಿಂದ ಫೋನೋಗ್ರಾಫ್ ಯಂತ್ರ ಹೊತ್ತು ಹಳ್ಳಿಗಳನ್ನು ಸುತ್ತಿದನು. ಸಂಗಾತಿ ಕೊಡಾಯ್ ಜೊತೆಗೂಡಿ ಅದೇ ವರ್ಷ ಇಪ್ಪತ್ತು ಹಾಡುಗಳ ಸಂಕಲನವನ್ನು ತಂದನು. ಪಟ್ಟಣದ ರೋಮಾ ವಾದಕರು ನುಡಿಸುತ್ತಿದ್ದುದರಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದ ಹಂಗೆರಿಯನ್ ಸ್ಥಿತಿವಂತರ ರಚನೆಗಳೆಂದೂ, ರೈತರ ಹಳೆಯ ಹಾಡುಗಳು ಐದು ಸ್ವರಗಳ ಶ್ರೇಣಿಯ, ಮಾತಿನ ಲಯವನ್ನು ಅನುಸರಿಸುವ ಬೇರೆಯೇ ಸಂಗೀತವೆಂದೂ ಅವನು ನಿರೂಪಿಸಿದನು.

ಇಲ್ಲಿ ಲಿಪಿಯ ಮಿತಿಯೂ ಬಯಲಾಯಿತು. ಮೇಣದ ಉರುಳೆಗಳಲ್ಲಿ ದಾಖಲಾದ ಕಂಠದ ಬಾಗುಬಳುಕುಗಳಿಗೆ ಐದು ಗೆರೆಗಳು ಸಾಲಲಿಲ್ಲ. ತಾನು ಮೊದಲು ಬರೆದ ಸ್ವರಲಿಪಿಯನ್ನು ಬಾರ್ಟೋಕ್ 1930ರ ದಶಕದಲ್ಲಿ ಮತ್ತೆ ಆಲಿಸಿ, ಇನ್ನಷ್ಟು ಸೂಕ್ಷ್ಮವಾಗಿ ತಿದ್ದಿದನು. ರುಮೇನಿಯನ್, ಸ್ಲೊವಾಕ್ ಹಾಡುಗಳನ್ನೂ ಅದೇ ಶ್ರದ್ಧೆಯಿಂದ ಸಂಗ್ರಹಿಸಿದ್ದಕ್ಕಾಗಿ 1920ರಲ್ಲಿ ಅವನ ದೇಶಾಭಿಮಾನವನ್ನೇ ಪ್ರಶ್ನಿಸಲಾಯಿತು. 1940ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಅವನು, ಎರಡು ವರ್ಷಗಳ ತರುವಾಯ ಬರೆದ ಪ್ರಬಂಧದಲ್ಲಿ ಜನಾಂಗಗಳ ನಡುವಣ ಕೊಡುಕೊಳೆಯೇ ಜನಪದ ಸಂಗೀತವನ್ನು ಸಮೃದ್ಧಗೊಳಿಸಿದೆ ಎಂದು ವಾದಿಸಿದನು. ಜನಪದವನ್ನು ಜನಾಂಗೀಯ ಶುದ್ಧಿಯ ಪ್ರಮಾಣಪತ್ರವನ್ನಾಗಿಸಿದ್ದ ಕಾಲದಲ್ಲಿ ಇದು ಕೇವಲ ಸಂಗೀತಶಾಸ್ತ್ರದ ಮಾತಾಗಿರಲಿಲ್ಲ.

ಲಿಪಿಯ ಆಚೆಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರೂ ವಾದಕರೂ ಬರೋಕ್ ಕೃತಿಗಳನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸುವ ಪ್ರಯತ್ನವನ್ನು ವ್ಯಾಪಕವಾಗಿ ಕೈಗೊಂಡರು. ಹಾಳೆಯಲ್ಲಿರುವುದನ್ನಷ್ಟೇ ನುಡಿಸಿದರೆ ಕೃತಿ ಪೂರ್ಣವಾಗದೆಂಬುದು ಆಗ ಅನುಭವಕ್ಕೆ ಬಂದಿತು. ಅಲಂಕಾರಗಳನ್ನು ತಿಳಿಯಲು 1752ರ ಕ್ವಾಂಟ್ಸ್‌ನ ಕೊಳಲುವಾದನದ ಗ್ರಂಥದಂತಹ ಬೋಧನಗ್ರಂಥಗಳನ್ನು ಮತ್ತೆ ಓದಲಾಯಿತು. ಲಿಖಿತವೆಂದು ಹೆಸರಾದ ಪರಂಪರೆಯ ಒಡಲಲ್ಲೂ ಬರೆಯದೆ ಉಳಿದ, ಬಾಯಿಂದ ಕಿವಿಗೆ ಸಾಗಿದ ಪಾಲೊಂದು ಸದಾ ಇತ್ತೆಂಬುದು ಇದರಿಂದ ಖಚಿತವಾಗುತ್ತದೆ.

ಹೀಗಾಗಿ ಶಿಷ್ಟ–ಜಾನಪದ, ಲಿಖಿತ–ಮೌಖಿಕ ಎಂಬ ವಿಭಜನೆಗಳು ಈ ಚರಿತ್ರೆಯನ್ನು ಅರಿಯಲು ಸಾಲವು. ಲಿಪಿಯು ಹಾಡನ್ನು ದೂರದೇಶಕ್ಕೂ ಮುಂದಿನ ಕಾಲಕ್ಕೂ ಒಯ್ಯುತ್ತದೆ. ಒಯ್ಯುವಾಗ ಹಾಡಿದವರನ್ನು ಹಿಂದೆ ಬಿಡುತ್ತದೆ. ಲಿಡಿ ದೋಶಾಳ ಹೆಸರು ಉಳಿದಿರುವುದು ಅಪವಾದ. ಹಾಡಿನೊಡನೆ ಹಾಡಿದವರ ಹೆಸರು, ಊರು, ಸಂದರ್ಭಗಳನ್ನೂ ದಾಖಲಿಸುವುದು ಜಾನಪದ ಸಂಶೋಧನೆಯ ಪ್ರಾಥಮಿಕ ಕರ್ತವ್ಯವೆಂಬುದನ್ನು ಈ ಸಾವಿರ ವರ್ಷಗಳ ಚರಿತ್ರೆ ಸ್ಪಷ್ಟಪಡಿಸುತ್ತದೆ.